ಕಣಿವೆಯ ಮನೆ, ನೆಟ್‌ವರ್ಕ್ ಸೊನ್ನೆ. ಬೂಸ್ಟರ್ ಹಾಕಿಸಲೇ? ವೈರ್‌ಲೆಸ್ ಬಗ್ಗೆ ಬುಡದಿಂದ ಹೇಳಿ

ಕಣಿವೆಮನೆ

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಕಡೆ ಅಡಿಕೆ ತೋಟದ ಮನೆ ನಮ್ಮದು. ಮೂರು ಕಡೆ ಬೆಟ್ಟ. ಫೋನ್ ಮಾಡಬೇಕು ಅಂದರೆ ದರೆ ಹತ್ತಿ ಗೇಟಿನ ತನಕ ಹೋಗಬೇಕು, ಅಲ್ಲೂ ಒಂದು ಕಡ್ಡಿ ಬಂದರೆ ಪುಣ್ಯ. ಮನೆಗೆ ಫೈಬರ್ ಬಂದಿದೆ. ಇಂಟರ್‌ನೆಟ್ ಚೆನ್ನಾಗೇ ಇದೆ, ಕಾಲ್ ಮಾತ್ರ ಇಲ್ಲ. ಮೊನ್ನೆ ಪೇಟೆಯಲ್ಲಿ ಒಬ್ಬರು ಬೂಸ್ಟರ್ ಅಂತ ಒಂದು ಪೆಟ್ಟಿಗೆ ತೋರಿಸಿದರು. ಮಾಡಿನ ಮೇಲೊಂದು ಆಂಟೆನಾ, ಒಳಗೊಂದು ಆಂಟೆನಾ, ಐದೂ ಕಡ್ಡಿ ಗ್ಯಾರಂಟಿ ಅಂತಾರೆ. ಹಾಕಿಸಬಹುದಾ?

ಎರಡನೇ ವಿಷಯ. ಹೊಳೆ ಬದಿಯಲ್ಲಿ ಪಂಪ್‌ಶೆಡ್ ಇದೆ, ಮನೆಯಿಂದ ಮುಕ್ಕಾಲು ಕಿಲೋಮೀಟರ್ ದೂರ, ಮಧ್ಯೆ ಪೂರ್ತಿ ತೋಟ. ತ್ರೀ ಫೇಸ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅನ್ನೋದು ದೇವರಿಗೇ ಗೊತ್ತು. ಮನೆಯಿಂದಲೇ ಮೋಟಾರ್ ಹಾಕುವ ವ್ಯವಸ್ಥೆ ಬೇಕು. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಆಗಲ್ಲ, ಅಲ್ಲಿ ಸಿಗ್ನಲ್ಲೇ ಇಲ್ಲ.

ಮಗಳು ಪಿಯುಸಿ ಓದುತ್ತಿದ್ದಾಳೆ. ವೈಫೈನೂ ಅಲೆ, ಬ್ಲೂಟೂತೂ ಅಲೆ, ರೇಡಿಯೋನೂ ಅಲೆ, ಹಾಗಿದ್ದ ಮೇಲೆ ಒಂದು ಹತ್ತು ಮೀಟರಿಗೆ ಸುಸ್ತಾಗಿ ಇನ್ನೊಂದು ನೂರು ಕಿಲೋಮೀಟರ್ ಹೇಗೆ ಹೋಗುತ್ತೆ ಅಂತ ಕೇಳಿದಳು. ನಾನು ಬಿಕಾಂ. ತಿಳಿದವರು ಹೇಳಿ.

ಭದ್ರಾವತಿ_675

ವೈರ್‌ಲೆಸ್ ಸೆಟ್ಟಿನ ಮುಂದೆ ಕೂತೇ ನಿವೃತ್ತನಾದವನು ನಾನು, ಮಗಳ ಪ್ರಶ್ನೆ ನನಗಿರಲಿ. ಬೂಸ್ಟರ್ ವಿಷಯ ಟವರ್ ಕೆಲಸದವರು ಹೇಳುತ್ತಾರೆ.

ಆಕಾಶವಾಣಿಯಲ್ಲಿ ಪ್ರಸಾರ ಶುರುವಾಗುವಾಗ ತರಂಗಾಂತರ ಇಷ್ಟು ಮೀಟರ್, ಅಂದರೆ ಇಷ್ಟು ಕಿಲೋಹರ್ಟ್ಜ್ ಅಂತ ಹೇಳುತ್ತಿದ್ದರಲ್ಲ, ಅದರಲ್ಲೇ ಅರ್ಧ ಪಾಠ ಇದೆ. ಮೀಟರ್ ಅಂದರೆ ಒಂದು ಅಲೆಯ ಉದ್ದ, ಕಿಲೋಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಅಲುಗುತ್ತೆ ಅನ್ನೋದು. ಭದ್ರಾವತಿ ಕೇಂದ್ರದ್ದು 675 ಕಿಲೋಹರ್ಟ್ಜ್, 444.4 ಮೀಟರ್. ಎರಡನ್ನೂ ಗುಣಿಸಿದರೆ ಮೂರು ಲಕ್ಷ ಬರುತ್ತೆ. ಅದೇ ಬೆಳಕಿನ ವೇಗ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ರೇಡಿಯೋ ಅಲೆ ಅಂದರೆ ಕಣ್ಣಿಗೆ ಕಾಣದ ಬೆಳಕು, ಅಷ್ಟೇ. ಜಾಸ್ತಿ ಸಲ ಅಲುಗಿದಷ್ಟೂ ಅಲೆಯ ಉದ್ದ ಕಮ್ಮಿ. ಎಫ್‌ಎಂನ 100 ಮೆಗಾಹರ್ಟ್ಜ್‌ಗೆ 3 ಮೀಟರ್. ಮೊಬೈಲಿನ 900ಕ್ಕೆ ಸುಮಾರು 33 ಸೆಂಟಿಮೀಟರ್. ವೈಫೈಯ 2.4 ಗಿಗಾಹರ್ಟ್ಜ್‌ಗೆ 12.5 ಸೆಂಟಿಮೀಟರ್. 5ಜಿಯ 3.5 ಗಿಗಾಹರ್ಟ್ಜ್‌ಗೆ ಎಂಟೂವರೆ ಸೆಂಟಿಮೀಟರ್.

ಈಗ ಬೆಟ್ಟದ ಲೆಕ್ಕಕ್ಕೆ ಬನ್ನಿ. 444 ಮೀಟರ್ ಉದ್ದದ ಅಲೆಗೆ ನಿಮ್ಮ ಗುಡ್ಡ ಒಂದು ಅಡ್ಡಿಯೇ ಅಲ್ಲ. ಅದು ನೆಲಕ್ಕಂಟಿಕೊಂಡು, ಗುಡ್ಡ ಬಳಸಿ, ಬಾಗಿ ಬರುತ್ತೆ. ಅದಕ್ಕೇ ಕಣಿವೆಯ ಮನೆಯಲ್ಲೂ ಹಳೇ ಟ್ರಾನ್ಸಿಸ್ಟರ್ ಹಾಡುತ್ತಿತ್ತು. ಎಂಟು ಸೆಂಟಿಮೀಟರ್ ಅಲೆ ಹೆಚ್ಚುಕಮ್ಮಿ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತೆ. ಗೋಡೆ ಬಂದರೆ ಸೊರಗುತ್ತೆ, ಗುಡ್ಡ ಬಂದರೆ ಮುಗಿಯಿತು. ಶಾರ್ಟ್‌ವೇವ್ ಬೇರೆ ಜಾತಿ. ಅದು ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಳ ಅನ್ನುವ ವಿದ್ಯುತ್ ಕಣಗಳ ಪದರಕ್ಕೆ ಬಡಿದು ವಾಪಸ್ ಬರುತ್ತೆ, ಹಾಗಾಗಿ ಸಮುದ್ರ ದಾಟಿಯೂ ಕೇಳಿಸುತ್ತೆ.

ಮಗಳಿಗೆ ಇತಿಹಾಸ ಬೇಕಿದ್ದರೆ: ಈ ಅಲೆ ಇದೆ ಅಂತ ಪ್ರಯೋಗ ಮಾಡಿ ತೋರಿಸಿದ್ದು ಹರ್ಟ್ಜ್, 1880ರ ದಶಕದಲ್ಲಿ. ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತಾದಲ್ಲಿ ತಂತಿಯಿಲ್ಲದೆ ದೂರದಿಂದಲೇ ಗಂಟೆ ಬಾರಿಸಿ, ಸಿಡಿಮದ್ದು ಹೊತ್ತಿಸಿ ತೋರಿಸಿದರು. ಅವರು ಪ್ರಯೋಗ ಮಾಡಿದ್ದು ಮಿಲಿಮೀಟರ್ ಉದ್ದದ ಅಲೆಗಳ ಮೇಲೆ. ಇವತ್ತು 5ಜಿಯವರು ಹೊಸದು ಅಂತ ಹೇಳೋದು ಆ ಜಾತಿಯ ಅಲೆಗಳನ್ನೇ. ಮಾರ್ಕೋನಿ ಅಟ್ಲಾಂಟಿಕ್ ದಾಟಿ ಎಸ್ ಅಕ್ಷರ ಕಳಿಸಿದ್ದು 1901ರ ಡಿಸೆಂಬರ್‌ನಲ್ಲಿ. ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು.

ಸುಮ್ನೆ_ಕೇಳ್ದೆ

ರಾಯರೇ, ಹಾಗಾದರೆ ಮೊಬೈಲನ್ನೂ 675ರಲ್ಲೇ ನಡೆಸಿದರೆ ಆಯ್ತಲ್ಲ? ಬೆಟ್ಟ ದಾಟುತ್ತೆ, ಕಾಡು ದಾಟುತ್ತೆ. ಯಾಕೆ ಕೋಟಿಗಟ್ಟಲೆ ಕೊಟ್ಟು 3.5 ತಗೋತಾರೆ?

ಭದ್ರಾವತಿ_675

ಸುಮ್ನೆ ಕೇಳಿದ್ದಲ್ಲ ಇದು, ಸರಿಯಾದ ಜಾಗಕ್ಕೇ ಬಂದಿರಿ.

ಮಾತಾಗಲಿ ಚಿತ್ರವಾಗಲಿ ಅಲೆಯ ಮೇಲೆ ಕೂರಿಸಬೇಕು. ಎಎಂನಲ್ಲಿ ಅಲೆಯ ಎತ್ತರ ಏರಿಳಿಸುತ್ತಾರೆ, ಎಫ್‌ಎಂನಲ್ಲಿ ಅಲುಗುವ ವೇಗವನ್ನೇ ಚೂರು ಹಿಂದೆಮುಂದೆ ಮಾಡುತ್ತಾರೆ, ಡಿಜಿಟಲ್‌ನಲ್ಲಿ ಇವೆರಡರ ಜೊತೆಗೆ ಅಲೆ ಶುರುವಾಗುವ ಕೋನವನ್ನೂ ಬದಲಿಸಿ ಸೊನ್ನೆ ಒಂದುಗಳನ್ನು ತುಂಬುತ್ತಾರೆ. ಹೀಗೆ ಏನೇ ಮಾಡಿದರೂ ಅಲೆ ಒಂದೇ ಫ್ರೀಕ್ವೆನ್ಸಿಯಲ್ಲಿ ನಿಲ್ಲೋದಿಲ್ಲ, ಅಕ್ಕಪಕ್ಕ ಒಂದಿಷ್ಟು ಜಾಗ ತಿನ್ನುತ್ತೆ. ಮೀಡಿಯಂ ವೇವ್‌ನಲ್ಲಿ, ಅಂದರೆ ಆ 675 ಇರುವ ಪಟ್ಟಿಯಲ್ಲಿ, ಒಂದು ಕೇಂದ್ರಕ್ಕೆ ಸಿಗುವ ಜಾಗ 9 ಕಿಲೋಹರ್ಟ್ಜ್. ವಾರ್ತೆಗೆ ಅಷ್ಟು ಸಾಕು. ಇಡೀ ಮೀಡಿಯಂ ವೇವ್ ಪಟ್ಟಿ ಸೇರಿಸಿದರೂ ಸುಮಾರು ಒಂದು ಮೆಗಾಹರ್ಟ್ಜ್ ಅಗಲ. ಆದರೆ 3.5 ಗಿಗಾದಲ್ಲಿ ಒಂದು ಕಂಪನಿಯ 5ಜಿ ಚಾನೆಲ್ ಒಂದೇ 100 ಮೆಗಾಹರ್ಟ್ಜ್ ಅಗಲ ಇರುತ್ತೆ. ಅಷ್ಟು ಜಾಗ ಕೆಳಗೆ ಎಲ್ಲಿದೆ? ವಿಡಿಯೋ ಓಡೋದು ಜಾಗದ ಮೇಲೆ.

ಆಂಟೆನಾ ಇನ್ನೊಂದು ಸಮಸ್ಯೆ. ಅಲೆಯ ಉದ್ದದ ಕಾಲು ಭಾಗದಷ್ಟು ಆಂಟೆನಾ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತೆ. 675ಕ್ಕೆ 111 ಮೀಟರ್ ಕಂಬ ಆಯ್ತು. ಜೇಬಿನಲ್ಲಿ ಇಟ್ಟುಕೊಳ್ಳುತ್ತೀರಾ?

ಆದ್ದರಿಂದ ದೂರ, ವೇಗ, ಬ್ಯಾಟರಿ ಈ ಮೂರೂ ಒಟ್ಟಿಗೆ ಸಿಗಲ್ಲ. ಎರಡು ಸಿಕ್ಕರೆ ಮೂರನೆಯದರ ಆಸೆ ಬಿಡಬೇಕು. ಬ್ಲೂಟೂತ್ ಬ್ಯಾಟರಿ ಉಳಿಸಲು ದೂರ ಬಿಟ್ಟಿತು. ವೈಫೈ ವೇಗಕ್ಕಾಗಿ ದೂರ ಬಿಟ್ಟಿತು. ಮೀಡಿಯಂ ವೇವ್ ದೂರ ಹಿಡಿಯಿತು, ವೇಗ ಬಿಟ್ಟಿತು, ಕರೆಂಟ್ ಬಿಲ್ ಅಂತೂ ಕೇಳಬೇಡಿ.

ಟವರ್_ಹತ್ತುವವ

ಬೂಸ್ಟರ್ ತಗೋಬೇಡಿ ಸರ್. ಅದು ಕಾನೂನಿಗೆ ವಿರುದ್ಧ. ಮೊಬೈಲ್ ಫ್ರೀಕ್ವೆನ್ಸಿ ಬಳಸುವ ರಿಪೀಟರನ್ನು (ಸಿಗ್ನಲ್ ಹಿಡಿದು ದೊಡ್ಡದು ಮಾಡಿ ಮತ್ತೆ ಬಿಡುವ ಇಂಥ ಪೆಟ್ಟಿಗೆಯನ್ನು) ಸೇವೆ ಕೊಡುವ ಕಂಪನಿ ಮಾತ್ರ ಹಾಕಬಹುದು. ಅಂಗಡಿಯವನು ಬಿಲ್ ಕೊಟ್ಟ ಅಂತ ಸರಿ ಆಗಲ್ಲ, ತನಿಖೆಗೆ ಬಂದರೆ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾರೆ, ಮೇಲಿಂದ ಕೇಸು.

ಕಾನೂನು ಹಾಗಿರಲಿ, ತಾಂತ್ರಿಕವಾಗಿಯೂ ಅದು ಪಕ್ಕದವರಿಗೆ ಮಾಡುವ ದ್ರೋಹ. ಆ ಅಗ್ಗದ ಪೆಟ್ಟಿಗೆ ನಿಮ್ಮ ಫೋನಿನ ದನಿಯ ಜೊತೆಗೆ ಬರೀ ಗದ್ದಲವನ್ನೂ ದೊಡ್ಡದು ಮಾಡಿ ಟವರಿಗೆ ಎಸೆಯುತ್ತೆ. ಊಟದ ಪಂಕ್ತಿಯಲ್ಲಿ ಒಬ್ಬ ನಿಲ್ಲಿಸದೆ ಕೂಗುತ್ತಿದ್ದರೆ ಬಡಿಸುವವನಿಗೆ ಉಳಿದವರು ಸಾರು ಕೇಳಿದ್ದು ಕೇಳಿಸುತ್ತಾ? ಹಾಗೆ. ನಾವು ಆಂಟೆನಾ ಹಿಡಿದು ಊರೆಲ್ಲ ಸುತ್ತಿ ಇಂಥ ಪೆಟ್ಟಿಗೆ ಹುಡುಕುವ ಕೆಲಸ ಎಷ್ಟೋ ಸಲ ಬಿದ್ದಿದೆ.

ಕಡ್ಡಿ ನೋಡೋದನ್ನು ಬಿಡಿ. ಯಾವ ಮಟ್ಟಕ್ಕೆ ಎಷ್ಟು ಕಡ್ಡಿ ಅಂತ ಫೋನ್ ಕಂಪನಿಯವರೇ ಅವರವರಿಗೆ ಬೇಕಾದ ಹಾಗೆ ಇಟ್ಟುಕೊಂಡಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಅಂತ ಇರುತ್ತೆ, ಅದರಲ್ಲಿ ಡಿಬಿಎಂ ಅಂತ ಒಂದು ಸಂಖ್ಯೆ. ಮೈನಸ್ 85, ಮೈನಸ್ 110, ಹೀಗೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಹತ್ತು ಇಳಿದರೆ ಸಿಗ್ನಲ್ ಹತ್ತನೇ ಒಂದು ಭಾಗ ಆಯ್ತು ಅಂತ ಲೆಕ್ಕ. ಗೇಟಿನಲ್ಲಿ ಮೈನಸ್ 90, ಅಡಿಗೆಮನೆಯಲ್ಲಿ ಮೈನಸ್ 120 ಇದ್ದರೆ ಸಾವಿರ ಪಟ್ಟು ವ್ಯತ್ಯಾಸ. ಇದನ್ನು ಗೇಟು, ಜಗಲಿ, ಅಂಗಳ ಎಲ್ಲಾ ಕಡೆ ಬರೆದಿಟ್ಟುಕೊಳ್ಳಿ.

ನಿಮಗೆ ಬೇಕಾದದ್ದು ವೈಫೈ ಕಾಲಿಂಗ್. ಫೈಬರ್ ಇದೆ ಅಂದಿರಲ್ಲ, ಮುಗಿಯಿತು. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಅದೇ ನಂಬರಿನಿಂದ, ಮಾಮೂಲಿ ಕಾಲ್, ಫೈಬರ್ ಮೇಲೆ ಹೋಗುತ್ತೆ. ಟವರ್ ಬೇಕಾಗಿಯೇ ಇಲ್ಲ. ಭಾರತದಲ್ಲಿ 2019ರ ಕೊನೆಯಿಂದ ಇದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಗೊತ್ತಾಗದೆ ದುಡ್ಡು ಕೊಟ್ಟು ಬೂಸ್ಟರ್ ತರುತ್ತಾರೆ.

ಕಣಿವೆಮನೆ

ಟವರ್ ಅಣ್ಣಾ, ಇದು ನನ್ನ ಫೋನಿನಲ್ಲೇ ಇತ್ತು! ಆನ್ ಮಾಡಿ ಶಿರಸಿಯ ಭಾವನಿಗೆ ಫೋನ್ ಮಾಡಿದೆ, ಜಗಲಿಯಲ್ಲಿ ಕೂತುಕೊಂಡೇ. ಎಲ್ಲಿಂದ ಮಾತಾಡ್ತಾ ಇದ್ದೀಯಾ, ಗೇಟಿನ ಹತ್ತಿರ ಮಳೆ ಇಲ್ವಾ ಅಂದ. ಆದರೆ ಅಮ್ಮನದು ಬಟನ್ ಫೋನು. ಅದರಲ್ಲಿ ಈ ಆಯ್ಕೆ ಕಾಣಲಿಲ್ಲ.

ಟವರ್_ಹತ್ತುವವ

ಬಟನ್ ಫೋನುಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಅಮ್ಮನಿಗೆ ಒಂದು ಲ್ಯಾಂಡ್‌ಲೈನ್ ಹ್ಯಾಂಡ್‌ಸೆಟ್ ತಂದು ಫೈಬರ್ ಪೆಟ್ಟಿಗೆಯ ಹಿಂದಿನ ಫೋನ್ ತೂತಿಗೆ ಸಿಕ್ಕಿಸಿ. ಹೆಚ್ಚಿನ ಪ್ಲಾನ್‌ಗಳಲ್ಲಿ ಲ್ಯಾಂಡ್‌ಲೈನ್ ನಂಬರ್ ಜೊತೆಗೇ ಬರುತ್ತೆ, ಯಾರೂ ಬಳಸಲ್ಲ. ಕರೆಂಟ್ ಹೋದರೆ ಪೆಟ್ಟಿಗೆ ಸತ್ತು ಹೋಗುತ್ತೆ, ಅದಕ್ಕೊಂದು ಚಿಕ್ಕ 12 ವೋಲ್ಟಿನ ರೂಟರ್ ಯುಪಿಎಸ್ ಇಡಿ. ಮಲೆನಾಡಿನಲ್ಲಿ ಮಳೆಗಾಲದ ನೆಟ್‌ವರ್ಕ್ ಸಮಸ್ಯೆ ಅಂತ ಜನ ಹೇಳೋದರಲ್ಲಿ ಮುಕ್ಕಾಲು ಪಾಲು ಕರೆಂಟ್ ಸಮಸ್ಯೆ. ಮರ ಬಿದ್ದು ಲೈನ್ ಹೋಗುತ್ತೆ, ಟವರಿನ ಬ್ಯಾಟರಿ ಕೆಲವು ತಾಸು ತಳ್ಳುತ್ತೆ, ಆಮೇಲೆ ಡೀಸೆಲ್ ಮುಗಿದಿರುತ್ತೆ ಅಥವಾ ತರುವ ಗಾಡಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ. ಅಲೆಗೇನೂ ಆಗಿರಲ್ಲ.

ಇನ್ನೊಂದು, ವೈರ್‌ಲೆಸ್ ಅಂತ ಕರೆದರೂ ತಂತಿಯಿಲ್ಲದ್ದು ಮುಖ್ಯವಾಗಿ ಫೋನಿನಿಂದ ಟವರ್ ತನಕ. ಟವರಿನ ಬುಡದಿಂದ ಆಚೆಗೆ ಎಷ್ಟೋ ಕಡೆ ಫೈಬರ್, ದೇಶ ದಾಟುವಾಗ ಸಮುದ್ರದಡಿಯ ಕೇಬಲ್. ರಸ್ತೆ ಅಗಲ ಮಾಡಲು ಜೆಸಿಬಿ ಬಂತು ಅಂದರೆ ನಮಗೆ ಎದೆ ಢವಢವ.

ತೋಟದ_ಅಕ್ಕ

ಮಧ್ಯೆ ಬಾಯಿ ಹಾಕ್ತೀನಿ. ನಮ್ಮೂರಲ್ಲಿ ಟವರ್ ಬೇಡ ಅಂತ ಅರ್ಜಿ ಕೊಟ್ಟಿದ್ದಾರೆ, ವಿಕಿರಣದಿಂದ ಕ್ಯಾನ್ಸರ್ ಬರುತ್ತಂತೆ. ಅರ್ಜಿ ಕೊಟ್ಟವರೇ ನೆಟ್‌ವರ್ಕ್ ಇಲ್ಲ ಅಂತ ದಿನಾ ಬೈಯೋದು, ಅದು ಬೇರೆ ಮಾತು. ಇದರಲ್ಲಿ ನಿಜ ಎಷ್ಟು?

ಸರ್ಕ್ಯೂಟ್_ಹುಡುಗಿ

ಅಕ್ಕ, ವಿಕಿರಣ ಅನ್ನೋ ಒಂದೇ ಹೆಸರಲ್ಲಿ ಎಕ್ಸ್‌ರೇನೂ ಬರುತ್ತೆ, ಬೆಳಕೂ ಬರುತ್ತೆ, ರೇಡಿಯೋನೂ ಬರುತ್ತೆ. ಎಕ್ಸ್‌ರೇಗೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವಷ್ಟು ಶಕ್ತಿ ಇದೆ. ಮೊಬೈಲ್ ಅಲೆಗೆ ಅದಕ್ಕೆ ಬೇಕಾದ ಶಕ್ತಿಯ ಹತ್ತಿರಕ್ಕೂ ಬರಲು ಆಗಲ್ಲ. ಅದು ಮಾಡಬಹುದಾದ್ದು ಜಾಸ್ತಿ ಅಂದರೆ ಸ್ವಲ್ಪ ಬಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು 2ಬಿ ಪಟ್ಟಿಗೆ ಸೇರಿಸಿತು. ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲು ಆಗಿಲ್ಲ, ಸಾಬೀತೂ ಆಗಿಲ್ಲ ಅನ್ನುವ ಪಟ್ಟಿ ಅದು. ಅರ್ಜಿ ಬರೆಯುವವರು ಮೊದಲರ್ಧ ಮಾತ್ರ ಓದುತ್ತಾರೆ. ಭಾರತದಲ್ಲಿ ಟವರ್‌ಗಳ ವಿಕಿರಣದ ಮಿತಿಯನ್ನು 2012ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದರು.

ಒಂದು ತಮಾಷೆ ನೋಡಿ. ದೂರ ಎರಡು ಪಟ್ಟಾದರೆ ಅಲೆಯ ಶಕ್ತಿ ನಾಲ್ಕನೇ ಒಂದಾಗುತ್ತೆ. ಟವರ್ ನೂರಾರು ಮೀಟರ್ ದೂರ, ಫೋನ್ ಕಿವಿಗೆ ಅಂಟಿಕೊಂಡಿದೆ. ಮೇಲಾಗಿ ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು, ಬ್ಯಾಟರಿ ಬೇಗ ಖಾಲಿ ಆಗೋದೂ ಅದಕ್ಕೇ. ಟವರ್ ಓಡಿಸಿದರೆ ತಲೆಗೆ ಬೀಳುವ ಅಲೆ ಜಾಸ್ತಿಯೇ ಆಗುತ್ತೆ. ಭಯ ಇದ್ದವರು ಇಯರ್‌ಫೋನ್ ಹಾಕಿಕೊಳ್ಳಲಿ, ಅರ್ಜಿ ಬೇಡ.

ತೋಟದ_ಅಕ್ಕ

ಇದನ್ನು ಪ್ರಿಂಟ್ ತೆಗೆದು ಪಂಚಾಯ್ತಿಯಲ್ಲಿ ಅಂಟಿಸ್ತೀನಿ. ಬೈದರೆ ನಿನ್ನ ಹೆಸರು ಹೇಳ್ತೀನಿ 😄

ಸರ್ಕ್ಯೂಟ್_ಹುಡುಗಿ

ಹೇಳಿ ಅಕ್ಕ, ಪರವಾಗಿಲ್ಲ. ಈಗ ಪಂಪ್‌ಶೆಡ್‌ಗೆ ಬರೋಣ, ನನಗೆ ಇದೇ ಇಷ್ಟದ ವಿಷಯ.

ಕಣಿವೆಮನೆ ಅಣ್ಣಾ, ಅಲ್ಲಿಗೆ ಯಾರೋ ಹೊರಾಂಗಣ ವೈಫೈ ರೇಡಿಯೋ ಹಾಕಿ ಅಂತ ಹೇಳಬಹುದು, ಎರಡು ಬಿಳಿ ತಟ್ಟೆ ಎದುರುಬದುರು ಇಡೋದು, 5.8 ಗಿಗಾಹರ್ಟ್ಜ್. ಬಯಲುಸೀಮೆಯಲ್ಲಿ ಅದು ಐದಾರು ಕಿಲೋಮೀಟರ್ ಕೂಡ ಆರಾಮಾಗಿ ಹೋಗುತ್ತೆ. ನಿಮ್ಮಲ್ಲಿ ಆಗಲ್ಲ. ಬರೀ ಕಣ್ಣಿಗೆ ಕಂಡರೆ ಸಾಲದು, ಆ ನೇರ ಗೆರೆಯ ಸುತ್ತ ಹೊಟ್ಟೆ ದಪ್ಪ ಇರುವ ಕೊಳವೆಯಷ್ಟು ಜಾಗ ಖಾಲಿ ಬೇಕು, ಅದಕ್ಕೆ ಫ್ರೆನೆಲ್ ವಲಯ ಅಂತಾರೆ. ಒಂದು ಕಿಲೋಮೀಟರ್‌ಗೆ 5.8ರಲ್ಲಿ ನಟ್ಟನಡುವೆ ಆ ಕೊಳವೆಯ ತ್ರಿಜ್ಯ ಸುಮಾರು ಮೂರೂವರೆ ಮೀಟರ್. ನಡುವೆ ಇಷ್ಟೆತ್ತರದ ಅಡಿಕೆ ಮರ, ಅದರ ಸೋಗೆ, ಮಳೆಗಾಲದಲ್ಲಿ ಸೋಗೆ ಪೂರ್ತಿ ಒದ್ದೆ. ನೀರು ಈ ಅಲೆಯನ್ನು ಕುಡಿದುಬಿಡುತ್ತೆ. ಬೇಸಗೆಯಲ್ಲಿ ಹಾಕಿ, ಕೆಲಸ ಮಾಡಿತು ಅಂತ ಖುಷಿಪಟ್ಟು, ಜೂನ್‌ನಲ್ಲಿ ತಲೆ ಕೆರೆದುಕೊಂಡವರು ತುಂಬಾ ಜನ.

ಯೋಚನೆ ಮಾಡಿ, ನಿಮಗೆ ಬೇಕಾಗಿರೋದು ಎಷ್ಟು? ಮೋಟಾರ್ ಹಾಕು, ಆಫ್ ಮಾಡು, ಫೇಸ್ ಇದೆಯಾ, ನೀರು ಬರ್ತಾ ಇದೆಯಾ. ಹತ್ತಿಪ್ಪತ್ತು ಅಕ್ಷರ. ಇದಕ್ಕೆ ವಿಡಿಯೋ ಹೋಗುವಷ್ಟು ವೇಗ ಯಾಕೆ? ರಾಯರು ಹೇಳಿದ ಹಾಗೆ ವೇಗ ಬಿಟ್ಟುಬಿಡಿ, ದೂರ ತಗೊಳ್ಳಿ. ಲೋರಾ ಅಂತ ಒಂದು ತಂತ್ರ ಇದೆ. ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಜ್ ಜಾಗವನ್ನು ಲೈಸೆನ್ಸ್ ಇಲ್ಲದೆ, ಶಕ್ತಿಯ ಮಿತಿಯೊಳಗೆ ಬಳಸಬಹುದು, ಲೋರಾ ಅಲ್ಲೇ ನಡೆಯುತ್ತೆ. ಒಂದೊಂದು ಸಂಕೇತವನ್ನೂ ಕೆಳಗಿನಿಂದ ಮೇಲಕ್ಕೆ ಜಾರುವ ಶಿಳ್ಳೆ ಥರ ನಿಧಾನಕ್ಕೆ ಎಳೆದು ಕಳಿಸುತ್ತೆ. ಸ್ವೀಕರಿಸುವ ಕಡೆ ಆ ಜಾರುವ ಆಕಾರವನ್ನೇ ಹುಡುಕುತ್ತಾ ಕೂತಿರೋದರಿಂದ ಸುತ್ತಲ ಗದ್ದಲಕ್ಕಿಂತ ಕೆಳಗೆ ಹೂತುಹೋದ ಸಿಗ್ನಲ್ಲನ್ನೂ ಹೆಕ್ಕಿ ತೆಗೆಯುತ್ತೆ. ಮೊಬೈಲ್ ಮೈನಸ್ 120ಕ್ಕೆ ಕೈಚೆಲ್ಲಿದರೆ ಇದು ಮೈನಸ್ 135ರ ಆಸುಪಾಸಿನ ತನಕ ಎಳೆದಾಡುತ್ತೆ. ವೇಗ ಮಾತ್ರ ಸೆಕೆಂಡಿಗೆ ಕೆಲವು ನೂರು ಬಿಟ್‌ನಿಂದ ಕೆಲವು ಸಾವಿರ ಬಿಟ್, ಫೋಟೋ ಕಳಿಸುವ ಆಸೆ ಇಟ್ಟುಕೊಳ್ಳಬೇಡಿ. ತೋಟದ ನಡುವೆ ಮುಕ್ಕಾಲು ಕಿಲೋಮೀಟರ್ ಆಗುವ ಸಾಧ್ಯತೆ ಜಾಸ್ತಿ, ಆದರೂ ಮಳೆಗಾಲದಲ್ಲೇ ಪರೀಕ್ಷೆ ಮಾಡಿ ಆಮೇಲೆ ಪಕ್ಕಾ ಹಾಕಿ.

ಸ್ಟಾರ್ಟರ್‌ಗೆ ಜೋಡಿಸೋದು ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು. ಹಸಿರು ಬಟನ್‌ಗೆ ಅಡ್ಡಲಾಗಿ ಒಂದು ರಿಲೇ (ಚಿಕ್ಕ ಕರೆಂಟಿನಿಂದ ತಾನೇ ಒತ್ತಿಕೊಳ್ಳುವ ಸ್ವಿಚ್ಚು), ಕೆಂಪು ಬಟನ್‌ನ ಸಾಲಿನಲ್ಲಿ ಇನ್ನೊಂದು. ಆಗ ಕೈಯಿಂದ ಹಾಕೋದೂ ಹಾಗೇ ಉಳಿಯುತ್ತೆ, ರೇಡಿಯೋ ಕೆಟ್ಟರೂ ತೋಟಕ್ಕೆ ನೀರು ನಿಲ್ಲಲ್ಲ. ಮೋಟಾರ್ ನಿಜವಾಗಿಯೂ ತಿರುಗುತ್ತಿದೆಯಾ ಅಂತ ತಿಳಿಯಲು ಒಂದು ಫೇಸಿನ ವೈರಿಗೆ ಕರೆಂಟ್ ಸೆನ್ಸರ್ ಬಳೆ ಹಾಕಿ, ಆ ಸುದ್ದಿ ವಾಪಸ್ ಬರಲಿ. ಬರೀ ಹೋಗು ಅಂತ ಹೇಳಿ ಸುಮ್ಮನಾಗುವ ವ್ಯವಸ್ಥೆ ನಂಬಬೇಡಿ. ಮತ್ತೆ ಇಷ್ಟು ನಿಮಿಷ ಮನೆಯ ಕಡೆಯಿಂದ ಮಾತೇ ಬರದಿದ್ದರೆ ಶೆಡ್‌ನ ಪೆಟ್ಟಿಗೆ ತಾನೇ ಮೋಟಾರ್ ನಿಲ್ಲಿಸಬೇಕು, ಹೊಳೆ ಬತ್ತಿದಾಗ ಡ್ರೈ ಓಡಿ ಸುಟ್ಟುಹೋದರೆ ರಿವೈಂಡಿಂಗ್ ಖರ್ಚು ನಿಮಗೇ ಗೊತ್ತು.

ಸುಮ್ನೆ_ಕೇಳ್ದೆ

ಪಕ್ಕದ ತೋಟದವನೂ ಇದೇ ಪೆಟ್ಟಿಗೆ ತಂದರೆ? ಅವನು ಬಟನ್ ಒತ್ತಿದಾಗ ಇವರ ಮೋಟಾರ್ ಶುರುವಾಗುತ್ತಾ?

ಸರ್ಕ್ಯೂಟ್_ಹುಡುಗಿ

ಗೂಢಲಿಪಿ ಹಾಕದಿದ್ದರೆ ಆಗಬಹುದು! ಗಾಳಿಯಲ್ಲಿ ಹೋಗೋದನ್ನು ಯಾರು ಬೇಕಾದರೂ ಕೇಳಬಹುದು. ಹೆಚ್ಚಿನ ಲೋರಾ ಮಾಡ್ಯೂಲ್‌ಗಳಲ್ಲಿ (ರೇಡಿಯೋ ಚಿಪ್ ಇರುವ ಚಿಕ್ಕ ಬೋರ್ಡು) ಗುಪ್ತ ಕೀ ಹಾಕುವ ಸೌಲಭ್ಯ ಇದೆ ಅಥವಾ ಪ್ರೋಗ್ರಾಂನಲ್ಲಿ ಎಇಎಸ್ ಅನ್ನುವ ಗೂಢಲಿಪಿ ವಿಧಾನ ಸೇರಿಸಬಹುದು. ಪ್ರತಿ ಸಂದೇಶಕ್ಕೂ ಏರುತ್ತಾ ಹೋಗುವ ಕ್ರಮಸಂಖ್ಯೆಯನ್ನೂ ಸೇರಿಸಿ, ಹಳೇ ಸಂದೇಶವನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಟ್ಟರೂ ಪೆಟ್ಟಿಗೆ ಕಿವಿಗೆ ಹಾಕಿಕೊಳ್ಳಬಾರದು.

ಕಣಿವೆಮನೆ

ಇದನ್ನೆಲ್ಲ ಮಗಳಿಗೆ ಓದಿಸಿದೆ. ಅವಳದು ಹೊಸ ಪ್ರಶ್ನೆ: ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್‌ಟ್ಯಾಗ್‌ಗೆ ಬ್ಯಾಟರಿ ಎಲ್ಲಿದೆ? ಮತ್ತೆ ಅಂಗಡಿಯಲ್ಲಿ ದುಡ್ಡು ಬಂತು ಅಂತ ಕೂಗುವ ಪೆಟ್ಟಿಗೆ ಬ್ಲೂಟೂತಾ?

ಭದ್ರಾವತಿ_675

ಬ್ಯಾಟರಿ ಇಲ್ಲ ಮಗಾ, ಅದೇ ಚಂದ. ಟೋಲ್‌ನ ಮೇಲಿರುವ ರೀಡರ್ ಅಲೆ ಬಿಡುತ್ತೆ, ಆ ಅಲೆಯಿಂದಲೇ ಒಂದು ಚಿಟಿಕೆ ಶಕ್ತಿ ತೆಗೆದುಕೊಂಡು ಟ್ಯಾಗ್‌ನ ಚಿಪ್ ಎಚ್ಚರವಾಗಿ, ಬಂದ ಅಲೆಯನ್ನೇ ತನ್ನ ಸಂಖ್ಯೆಯ ತಾಳಕ್ಕೆ ವಾಪಸ್ ಹೊಡೆಯುತ್ತೆ. ಅದೂ 865ರಿಂದ 867ರಲ್ಲೇ, ನಿಮ್ಮ ಪಂಪ್‌ಶೆಡ್ ರೇಡಿಯೋ ಇರುವ ಬೀದಿಯಲ್ಲೇ. ಲೋಹದ ತಗಡು ಪಕ್ಕದಲ್ಲಿದ್ದರೆ ಕೆಲಸ ಮಾಡಲ್ಲ, ಅದಕ್ಕೇ ಗಾಜಿಗೆ ಅಂಟಿಸೋದು. ಕಾರ್ಡ್ ತಟ್ಟಿ ದುಡ್ಡು ಕೊಡುವುದು ಇದರ ತಮ್ಮ, 13.56 ಮೆಗಾಹರ್ಟ್ಜ್, ಕೆಲವೇ ಸೆಂಟಿಮೀಟರ್. ಅಲ್ಲಿ ದೂರ ಕಮ್ಮಿ ಇರೋದೇ ಭದ್ರತೆ.

ಅಂಗಡಿಯ ಸೌಂಡ್‌ಬಾಕ್ಸ್ ಒಳಗೆ ಸಿಮ್ ಇದೆ. ಅದು ಕಾಲ್ ಮಾಡಲು ಬಾರದ ಒಂದು ಮೊಬೈಲ್ ಅಂತಲೇ ತಿಳಿಯಿರಿ. ಬ್ಲೂಟೂತ್ ಇರೋದು 2.4 ಗಿಗಾಹರ್ಟ್ಜ್‌ನಲ್ಲಿ. ವೈಫೈ, ಮೈಕ್ರೋವೇವ್ ಓವನ್ ಎಲ್ಲಾ ಅಲ್ಲೇ ಗಿಜಿಗುಟ್ಟುತ್ತವೆ. ಹಾಗಾಗಿ ಹಳೇ ಬ್ಲೂಟೂತ್ ಸೆಕೆಂಡಿಗೆ 1600 ಸಲ, 79 ಚಾನೆಲ್‌ಗಳ ನಡುವೆ ಜಿಗಿಯುತ್ತಾ ಮಾತಾಡುತ್ತೆ.

ಜಿಪಿಎಸ್ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಫೋನ್ ಬರೀ ಕೇಳಿಸಿಕೊಳ್ಳುತ್ತೆ, ಉಪಗ್ರಹಕ್ಕೆ ಏನೂ ಕಳಿಸಲ್ಲ. ಇಸ್ರೋದ ನಾವಿಕ್, ಅಂದರೆ ನಮ್ಮ ದೇಶದ್ದೇ ಜಿಪಿಎಸ್, ಅದೂ ಹಾಗೇ. ಘಾಟಿ ರಸ್ತೆಗೆ ಹೋಗುವ ಮುಂಚೆ ಮ್ಯಾಪ್ ಇಳಿಸಿಟ್ಟುಕೊಂಡರೆ ಕಡ್ಡಿ ಇಲ್ಲದ ಕಾಡಿನಲ್ಲೂ ದಾರಿ ಸಿಗುತ್ತೆ.

ಮೀಟರ್‌ಗೇಜ್

ಇಷ್ಟೆಲ್ಲ ಯಾಕೆ, ಉಪಗ್ರಹದ ಇಂಟರ್‌ನೆಟ್ ಬಂದರೆ ಎಲ್ಲಾ ಮುಗೀತು, ಟವರೂ ಬೇಡ ಫೈಬರೂ ಬೇಡ.

ಟವರ್_ಹತ್ತುವವ

ಫೈಬರ್ ಬರದ ಜಾಗಕ್ಕೆ ಒಳ್ಳೆಯದೇ. ಡಿಟಿಎಚ್ ಥರದ ಉಪಗ್ರಹ ಸುಮಾರು 36 ಸಾವಿರ ಕಿಲೋಮೀಟರ್ ಮೇಲಿದೆ. ಅದರಲ್ಲಿ ಮಾತಾಡಿದರೆ ಉತ್ತರ ಬರಲು ಅರ್ಧ ಸೆಕೆಂಡ್. ಸ್ಟಾರ್‌ಲಿಂಕ್ ಥರದ್ದು 550 ಕಿಲೋಮೀಟರ್ ಆಸುಪಾಸು, ತಡ ತುಂಬಾ ಕಮ್ಮಿ. ಆದರೆ ಆಕಾಶ ಅಗಲವಾಗಿ ಕಾಣಬೇಕು. ಮೂರು ಕಡೆ ಬೆಟ್ಟ, ಮೇಲೆ ಮರದ ಚಪ್ಪರ, ಆಗಸ್ಟ್ ಮಳೆ. ಮಳೆ ಹೊಡೆದಾಗ ಟಿವಿ ಸಿಗ್ನಲ್ ಇಲ್ಲ ಅನ್ನೋದನ್ನು ಮರೆತಿರಾ? ಇವರ ಮನೆಗೆ ಫೈಬರ್ ಇದ್ದಾಗ ಅದನ್ನು ಬಿಟ್ಟು ಆಕಾಶ ನೋಡೋದು ಬೇಡ.

ಕಣಿವೆಮನೆ

ಸರ್ಕ್ಯೂಟ್ ತಂಗೀ, ಲೋರಾ ಮಾಡ್ಯೂಲ್ ಎರಡು ತರಿಸಿದೆ, 865ಕ್ಕೆ ಅಂತ ಕೇಳಿಯೇ. ಮಗಳಿಗೆ ಇದನ್ನೇ ಕಾಲೇಜಿನ ಪ್ರಾಜೆಕ್ಟ್ ಮಾಡುವ ಹುಮ್ಮಸ್ಸು. ಆಂಟೆನಾ ಎಲ್ಲಿಡಲಿ? ಅಡಿಕೆ ಮರಕ್ಕೆ ಕಟ್ಟಲೇ?

ಸರ್ಕ್ಯೂಟ್_ಹುಡುಗಿ

ಮರಕ್ಕೆ ಬೇಡ ಅಣ್ಣಾ, ಅಡಿಕೆ ಗೊನೆ ಕೊಯ್ಯುವಾಗ ಕಿತ್ತುಹೋಗುತ್ತೆ. ಶೆಡ್ಡಿನ ಗೋಡೆಗೆ ಒಂದು ಜಿಐ ಪೈಪ್ ನಿಲ್ಲಿಸಿ, ತಗಡಿನ ಮಾಡಿಗಿಂತ ಎತ್ತರಕ್ಕೆ ಬರಲಿ, ತಗಡಿನ ಕೆಳಗೆ ಇಟ್ಟರೆ ಅಲೆ ಹೊರಗೇ ಬರಲ್ಲ. ಎರಡೂ ಕಡೆ ಆಂಟೆನಾ ನೆಟ್ಟಗೆ ನಿಲ್ಲಬೇಕು, ಒಂದು ನಿಂತು ಒಂದು ಮಲಗಿದರೆ ಸಿಗ್ನಲ್ ಸಿಕ್ಕಾಪಟ್ಟೆ ಬೀಳುತ್ತೆ. ಸ್ವಂತ ಮಾಡುವುದಾದರೆ 866ಕ್ಕೆ ಕಾಲು ಅಲೆ ಅಂದರೆ ಎಂಟೂ ಮುಕ್ಕಾಲು ಸೆಂಟಿಮೀಟರಿಗೆ ಒಂದು ಕೂದಲೆಳೆ ಕಮ್ಮಿ, ದಪ್ಪ ತಾಮ್ರದ ತಂತಿ ಸಾಕು. ಪೆಟ್ಟಿಗೆಯಿಂದ ಆಂಟೆನಾ ತನಕದ ಕೇಬಲ್ ಚಿಕ್ಕದಿರಲಿ, ಉದ್ದವಾದಷ್ಟೂ ಅಲೆಯನ್ನು ಕೇಬಲ್ಲೇ ತಿನ್ನುತ್ತೆ. ಏಪ್ರಿಲ್ ಗುಡುಗು ಶುರುವಾಗುವ ಮುಂಚೆ ಅರ್ಥಿಂಗ್ ಮತ್ತೆ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಅರೆಸ್ಟರ್ ಮುಗಿಸಿ. ಆಮೇಲೆ ಮಗಳಿಗೆ ಮರೆಯದೆ ಹೇಳಿ, ಆಂಟೆನಾ ತಿರುಪಿ ಕೂರಿಸದೆ ಮಾಡ್ಯೂಲ್‌ಗೆ ಕರೆಂಟ್ ಕೊಡಬಾರದು. ಹೊರಗೆ ಹೋಗಲು ದಾರಿಯಿಲ್ಲದ ಶಕ್ತಿ ವಾಪಸ್ ಬಂದು ಚಿಪ್ಪನ್ನೇ ಸುಡಬಹುದು.